ಇತರೆ ಆಧಾರಗಳು

ದಾವಣಗೆರೆಯಲ್ಲಿ ನನಗೆ ಶಿಕ್ಷೆ ಕೊಟ್ಟ ಕೆಳಗಿನ ಕೋರ್ಟು
ಇದ್ದದ್ದು ಮೇಲಿನ ಮಹಡಿಯಲ್ಲಿ;
ಮೇಲಿನ ಕೋರ್ಟು ನೆಲಮಟ್ಟದಲ್ಲಿ.
ಹಾಗಾಗಿ ಮೇಲ್ಮನವಿ ಹಾಕಲು
ಇಪ್ಪತ್ತೆರಡು ಮೆಟ್ಟಿಲು ಇಳಿದೆ,
ಮೂರು ತಿಂಗಳ ಸಜೆಯನ್ನು
ಬಟ್ಟೆಯಂಗಡಿ ಕವರಿನಲ್ಲಿ ಹಿಡಿದು.

ಕರಿಬಸವನಗೌಡ ವಕೀಲರು ತೀರ್ಪನ್ನು
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದಿದರು.
ಒಂದೊಂದು ಸಿಕ್ಕಾಗಲೂ ‘ಬರ್ಕೋ ನಿಜಗುಣ’ ಎಂದರು.
ಊದಿಸಿದ ಯಂತ್ರಕ್ಕೆ ಆ ವರ್ಷದ ಸರ್ಟಿಫಿಕೇಟಿಲ್ಲ.
ರಕ್ತ ತೆಗೆದಿಲ್ಲ.
ಪಂಚನಾಮೆಗೆ ಸಹಿ ಹಾಕಿದ ಚಹದಂಗಡಿ ಹಾಲೇಶಿ
ಅದೇ ತಿಂಗಳು ಒಂಬತ್ತು ಕೇಸಿಗೆ ಪಂಚ.
ದೂರಿನಲ್ಲಿ ‘ಬೀದಿದೀಪದ ಬೆಳಕಿನಲ್ಲಿ ನೋಡಲಾಗಿ’ ಎಂದಿದೆ,
ಆ ಕಂಬಕ್ಕೆ ದೀಪಾವಳಿಯಿಂದ ಬಲ್ಬೇ ಇಲ್ಲ.

‘ಅತಿವೇಗ ಮತ್ತು ಅಜಾಗರೂಕತೆ’
ಪೊಲೀಸರ ಕಾಗದದಲ್ಲಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು,
ಒಂದನ್ನು ಬಿಟ್ಟು ಇನ್ನೊಂದು ಬಂದದ್ದನ್ನು ಯಾರೂ ಕಂಡಿಲ್ಲ.
‘ವೇಗ ಎಷ್ಟಿತ್ತು ಅಂತ ಒಬ್ಬನೂ ಹೇಳಿಲ್ಲ’
ಎಂದು ಗೌಡರು ಖುಷಿಯಾದರು.
ನಾನೂ ಹೇಳಲಿಲ್ಲ.
ಸೆಕೆಂಡ್ ಗೇರಿನಲ್ಲಿದ್ದೆ. ಮೂವತ್ತೂ ದಾಟಿರಲಿಲ್ಲ.
ಬ್ರೋಕರ್ ಗಾದಿಲಿಂಗನ ಹುಟ್ಟುಹಬ್ಬ ಮುಗಿಸಿ
ಎಷ್ಟು ಹುಷಾರಾಗಿ ಬರುತ್ತಿದ್ದೇನೆ ನೋಡು ಅಂತ
ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮಂಡಕ್ಕಿ ಭಟ್ಟಿಗಳ ತಿರುವು.
ತಳ್ಳುಗಾಡಿಯ ಮೇಲೆ ಆಳೆತ್ತರ ಚೀಲ.
ಮಂಡಕ್ಕಿಗೆ ತೂಕವಿಲ್ಲ,
ತಾಗಿದ್ದೇ ಗೊತ್ತಾಗಲಿಲ್ಲ ಮೊದಲಿಗೆ;
ಹೆಡ್‌ಲೈಟಿನಲ್ಲಿ ಬರೀ ಬಿಳಿ ಏಳುತ್ತಿತ್ತು, ಸದ್ದಿಲ್ಲದೆ,
ಮತ್ತೆ ಬೀಳಲು ಮನಸ್ಸಿಲ್ಲದ ಹಾಗೆ.
ಅದರ ಹಿಂದೆ ಖೈರುನ್ಬಿ ಇದ್ದಳು.
ಗಾಡಿಯ ಹಿಡಿಕೆಗೂ ಭಟ್ಟಿ ಗೋಡೆಗೂ ನಡುವೆ
ಅವಳ ಬಲ ಮುಂಗೈ.

ಬೆಳಗಾಗಿ ಅಳೆಯಲು ಟೇಪು ತರುವಷ್ಟರಲ್ಲಿ
ಮೇಕೆಗಳು ಪುರಾವೆ ತಿಂದು ಮುಗಿಸಿದ್ದವು.
ಅದನ್ನೂ ಬರೆದುಕೊಂಡ ನಿಜಗುಣ.

ಪಾಟಿ ಸವಾಲಿನಲ್ಲಿ ಅವಳನ್ನು ಕೇಳಿದ್ದರು.
‘ಮುಖ ಕಾಣಲಿಲ್ಲ ಸಾಹೇಬ್ರೇ. ವಾಸನೆ ಗೊತ್ತು.
ನಮ್ಮ ಮನೆಯವರದೂ ಅದೇ ಇತ್ತು.’
ಇತ್ತು ಅಂದಳು, ನಾನು ಕಟಕಟೆಯಿಂದ ಕೇಳಿಸಿಕೊಂಡೆ.
ಟೈಪಿಸ್ಟು ‘ಇದೆ’ ಎಂದು ಹೊಡೆದಿದ್ದಾನೆ, ಪುಟ ಹನ್ನೊಂದು.
‘ಮುಖ ಕಾಣಲಿಲ್ಲ’ದ ಕೆಳಗೆ ಗೌಡರು
ಎರಡು ಕೆಂಪು ಗೆರೆ ಎಳೆದರು.
ಉಳಿದದ್ದರ ಕೆಳಗೆ ಎಳೆಯಲಿಲ್ಲ.

ನನ್ನದು ಡ್ರೈವಿಂಗ್ ಸ್ಕೂಲು. ತೀರ್ಪು ಇದನ್ನು
ಎರಡೆರಡು ಸಲ ಬರೆದಿದೆ.
ಹದಿನೇಳು ವರ್ಷ ಎಡಗಡೆ ಸೀಟಿನಲ್ಲಿ ಕೂತವನು.
ನಮ್ಮ ಕಾರಿನಲ್ಲಿ ಆ ಕಡೆಗೂ ಒಂದು ಬ್ರೇಕು.
ಬ್ಯಾಂಕಿನ ಮೇಡಮ್ಮು, ಗಿರಣಿ ಸಾಹುಕಾರರ ಅಳಿಯ,
ಎಮ್ಮೆ ಕಂಡ ಕೂಡಲೇ ಆಕ್ಸಿಲೇಟರ್ ತುಳಿದವರೆಷ್ಟೋ ಮಂದಿ;
ಪ್ರತಿ ಸಲ ನನ್ನ ಕಾಲು ಮಾತಾಡದೆ ಕೆಲಸ ಮಾಡಿತು.
ತಾವೇ ನಿಲ್ಲಿಸಿದೆವು ಅಂದುಕೊಂಡು
ಪೇಡ ಕೊಟ್ಟು ಹೋದರು.

ಕೊನೆಯ ಆಧಾರವಂತೂ ಎಲ್ಲರ ಅರ್ಜಿಗೂ ಒಂದೇ,
ಮೊದಲೇ ಅಚ್ಚಾಗಿರುತ್ತದೆ:
‘ವಿಚಾರಣಾ ಕಾಲದಲ್ಲಿ ನಿವೇದಿಸಿಕೊಳ್ಳುವ ಇತರೆ ಆಧಾರಗಳು.’
‘ಹಂಗಂದ್ರೇನು ಸರ್?’
‘ಏನಿಲ್ಲ ಬಕ್ಕೇಶಪ್ಪ, ಇರ್ಲಿ ಅಂತ. ಅಲ್ಲಿ ಯಾರೂ ಏನೂ ಹೇಳಲ್ಲ.’

ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟಿದ್ದರು, ಸಹಿ ಹಾಕಿದೆ.
ಸಜೆ ಅಮಾನತ್ತಾಯಿತು. ವಾಯಿದೆ ಬಿತ್ತು. ಮತ್ತೊಂದು ಬಿತ್ತು.

ಕಾರು ಷೆಡ್ಡಿನಲ್ಲಿದೆ, ಕೆಂಪು ‘ಎಲ್’ ಅಂಟಿಸಿಕೊಂಡೇ.
ಕೀಲಿ ಹೆಂಡತಿಯ ಹತ್ತಿರ.
ಎಡಗಡೆ ಬಾಗಿಲಿಗೆ ಮೊದಲಿಂದಲೂ ಲಾಕು ಬೀಳುವುದಿಲ್ಲ,
ಕೆಲವು ರಾತ್ರಿ ಹೋಗಿ ಕೂರುತ್ತೇನೆ.
ಮ್ಯಾಟಿನ ಕೆಳಗೆ ಈಗಲೂ ನಾಕು ಮಂಡಕ್ಕಿ, ಮೆತ್ತಗಾಗಿವೆ.
ಆ ರಾತ್ರಿ ಈ ಸೀಟಿನಲ್ಲಿ ಯಾರೂ ಇರಲಿಲ್ಲ, ಸ್ವಾಮಿ.
ಈ ಬ್ರೇಕಿನ ಮೇಲೆ ಯಾರ ಕಾಲೂ ಇರಲಿಲ್ಲ.
ಇದು ಎಷ್ಟನೆಯ ಆಧಾರ, ಯಾರ ಪರ,
ಗೌಡರನ್ನು ಕೇಳಿಲ್ಲ ಇನ್ನೂ.
ಒತ್ತಿ ಹಿಡಿದು ಕೂತಿರುತ್ತೇನೆ,
ನಿಂತ ಕಾರು ನಿಂತೇ ಇರುತ್ತದೆ.