ಬಟಾಣಿ ಬೀದಿಯ ಕಿಟಕಿ

ತಾರ್ತುವಿನಲ್ಲಿ ಒಂದು ಬೀದಿಗೆ ಬಟಾಣಿಯ ಹೆಸರು,
ಪಕ್ಕದ್ದಕ್ಕೆ ಆಲೂಗಡ್ಡೆಯದು.
ನದಿ ಕಲ್ಲಾದ ಫೆಬ್ರವರಿ. ನಾಲ್ಕೂವರೆಗೇ ದೀಪ ಹಚ್ಚಿ
ಪಿರೆತ್ ಕೂತಿದ್ದಾಳೆ ಹಿಲ್ಲಾರನ ಅಡುಗೆಮನೆಯಲ್ಲಿ,
ಅವನ ಹಳೇ ಕಂಪ್ಯೂಟರಿನ ಮುಂದೆ.

ಪಾರ್ಶ್ವವಾಯು ಬಂದು ಹೋಗುವಾಗ
ಅವನ ಎಡಗಡೆಯ ಲೋಕವನ್ನು ಜೊತೆಗೇ ಒಯ್ದಿತ್ತು.
ತಟ್ಟೆಯ ಎಡಕ್ಕಿದ್ದ ಮೀನು ಹಾಗೇ ಉಳಿಯುತ್ತದೆ.
ಪರದೆಯ ಎಡಕ್ಕೆ ತೆರೆದ ಕಿಟಕಿ
ಅವನ ಪಾಲಿಗೆ ತೆರೆದೇ ಇಲ್ಲ.
ಬೇಕಾದ್ದು ಇಷ್ಟೆ: ಪುಟ್ಟದೊಂದು ಮಾಡ್ಯೂಲ್.
ವಿಂಡೋ ಮ್ಯಾನೇಜರಿನ ಜಗಲಿಯಲ್ಲಿ ಕೂತು
ಪೈಪಿಗೆ ಕಿವಿಯಿಟ್ಟು
ಯಾವ ಕಿಟಕಿ ಹುಟ್ಟಿದರೂ
ಸದ್ದಿಲ್ಲದೆ ಬಲಕ್ಕೆ ಸರಿಸುವಂಥದ್ದು.

ಯಾವ ಭಾಷೆಯಲ್ಲಿ?

ಮ್ಯಾನೇಜರಿಗೆ ಭೇದವಿಲ್ಲ;
ಬೈಟುಗಳು ಸಾಲಾಗಿ ಬಂದರೆ ಸಾಕು, ಕುಲ ಕೇಳುವುದಿಲ್ಲ.
ಸಿ ಆದರೆ ಗಾಳಿವೇಗ, ಆದರೆ ನೆನಪನ್ನು
ಕೈಗಡ ತಂದಷ್ಟೂ ತಾನೇ ಹೋಗಿ ಹಿಂತಿರುಗಿಸಬೇಕು.
ರಸ್ಟ್, ಕೊಟ್ಟ ಪಾತ್ರೆಯ ಲೆಕ್ಕ ಬರೆದಿಡುವ ನೆರೆಮನೆಯಾಕೆ:
ಏನೂ ಕಳೆಯದು, ಹರಟೆಯೂ ಹುಟ್ಟದು.
ಪೈಥಾನ್ ಪಿರೆತಳ ಕೈಗೆ ದಿನವೂ ಹತ್ತಿದ ರೈ ಹಿಟ್ಟು.
ಅರ್ಧ ಗಂಟೆ ಸಾಕು.
ಬೆರಳು ಆಗಲೇ ಹನ್ನೆರಡು ಸಾಲು ದಾಟಿತ್ತು.

'ಇದು ಕೆಟ್ಟರೆ?' ಎಂದ ಹಿಲ್ಲಾರ್, ಚಹಾ ಸೋಸುತ್ತ.
'ಫೋನು ಮಾಡಿ, ಬರುತ್ತೇನೆ.'
'ರಾತ್ರಿ ಎರಡಕ್ಕೆ?'
ಬಗ್ಗಿ ಪರದೆ ನೋಡಿದ. ತುಂಬ ಹೊತ್ತು ನೋಡಿದ.
'ಈ ಸಾಲು ಯಾವುದರ ಒಳಗಿದೆ, ಯಾವುದರ ಹೊರಗೆ?'

ಆಗ ಹೊಳೆಯಿತು ಅವಳಿಗೆ.
ಈ ಭಾಷೆ ಅರ್ಥವನ್ನೆಲ್ಲ ಬಚ್ಚಿಡುವುದು
ಸಾಲಿನ ಎಡಗಡೆಯ ಖಾಲಿಯಲ್ಲಿ.

ಷೆಲ್ಫಿನ ಬಲತುದಿಯಲ್ಲಿ ಬೆನ್ನು ಹರಿದ ಪರ್ಲ್ ಪುಸ್ತಕ,
ಅಂಚಿನ ತುಂಬ ಪೆನ್ಸಿಲ್ಲು.
ಬಸ್ ನಿಲ್ದಾಣದ ವೇಳಾಪಟ್ಟಿಯನ್ನು
ಇಪ್ಪತ್ತೆರಡು ವರ್ಷ ಅದರಲ್ಲೇ ಓಡಿಸಿದವನು ಅವನು.
ವಾಲ್ಗಾದ ಕೊನೆಯ ಬಸ್ಸು
ಅವನನ್ನು ಕೇಳಿಯೇ ಹೊರಡುತ್ತಿತ್ತು.

ಬರೆದದ್ದನ್ನು ಅಳಿಸಿದಳು.
ಪರ್ಲ್ ಅವಳಿಗೆ ಬಾರದು. ಪ್ರತಿ ಹೆಸರಿನ ಹಣೆಗೂ
ಒಂದೊಂದು ಡಾಲರಿನ ನಾಮ, ಇದೆಂಥ ಮದುವೆಮನೆ!
ಮೊದಲ ಸಾಲಿಗೇ ಎಡವಿದಳು.
'ಸೆಮಿಕೋಲನ್,' ಎಂದ ಅವನು.
ಸಾಲಿನ ಕೊನೆ ಅವನಿಗೆ ಚೆನ್ನಾಗಿ ಕಾಣುತ್ತದೆ.
'ಮತ್ತೆ ಆ ನಾಮಗಳು?'
'ಕಾಣದಿದ್ದರೇನು, ಬಾಯಿಪಾಠ.'

ಚಹಾ ಆರಿತು. ಏಳೂಕಾಲಿಗೆ
ಮೊದಲ ಕಿಟಕಿ ಹುಟ್ಟಿ, ಬಲಕ್ಕೆ ಸರಿದು,
ಇನ್ನೂ ಸರಿದು,
ಪರದೆಯನ್ನೇ ದಾಟಿ ಗೋಡೆಯ ಕಡೆ ಹೊರಟುಹೋಯಿತು.

ಪಿರೆತ್ ನಾಲಿಗೆ ಕಚ್ಚಿಕೊಂಡಳು.
'ತಡಿ,' ಎಂದ ಹಿಲ್ಲಾರ್,
ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು.