ಎಲ್ಲಿ ಇಟ್ಕಳದು?

ಕೆರಗೋಡು ಪ್ರೌಢಶಾಲೆ, ಎಂಟನೇ ಕ್ಲಾಸು, ಬಿ ಸೆಕ್ಷನ್.
ಜೂನ್ ಕಡೆಯ ವಾರ ಬೋರ್ಡಿಗೆ ಬರೆದು ಹೇಳಿದೆ:
‘ಗೊತ್ತಿಲ್ಲದ್ದನ್ನು ಎಕ್ಸ್ ಎಂದು ಇಟ್ಟುಕೊಳ್ಳೋಣ.’
ಕಿಟಕಿ ಪಕ್ಕದ ಬೋರೇಶ ಎದ್ದು ನಿಂತ:
‘ಎಲ್ಲಿ ಇಟ್ಕಳದು ಮಿಸ್?’

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ.
ಸಂಜೆ ಮಂಡ್ಯದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ
ನಗು ಎಲ್ಲೋ ಇಳಿದುಹೋಗಿತ್ತು, ಪ್ರಶ್ನೆ ಇಳಿದಿರಲಿಲ್ಲ.
ಇಪ್ಪತ್ತು ವರ್ಷದಿಂದ ಇಟ್ಟುಕೊಳ್ಳಿ ಇಟ್ಟುಕೊಳ್ಳಿ ಅಂದಿದ್ದೇನೆ,
ಜಾಗ ತೋರಿಸಿದ್ದೇನೆಯೇ ಒಬ್ಬರಿಗಾದರೂ?

ಮರುದಿನ ತಕ್ಕಡಿ ಒಯ್ದೆ, ಅಚ್ಚುಬೆಲ್ಲ ಒಯ್ದೆ.
ಈ ತಟ್ಟೆಗೆ ಮೂರು ಅಚ್ಚು,
ಆ ತಟ್ಟೆಗೆ ಒಂದು ಅಚ್ಚು, ಒಂದು ಕೆಜಿ ಬಟ್ಟು.
ಮುಳ್ಳು ನಿಲ್ಲುವ ಮೊದಲೇ ‘ಅರ್ಧ ಕೆಜಿ’ ಅಂದ.
ಆಲೆಮನೆ ಹುಡುಗ. ಕೈಗೇ ಗೊತ್ತು.
ಬೆಲ್ಲ ತೆಗೆದು
ಅದೇ ಲೆಕ್ಕವನ್ನು ಬರೀ ಅಕ್ಷರದಲ್ಲಿ ಬರೆದೆ.
ಅವನು ಖಾಲಿ ತಟ್ಟೆಯನ್ನೇ ನೋಡುತ್ತ ನಿಂತ.

ಆಗಸ್ಟಿನಲ್ಲಿ ಇನ್ನೊಮ್ಮೆ:
‘ಕಬ್ಬೆಲ್ಲ ಕಹಿ ಎಂದಿಟ್ಟುಕೊ. ಇದು ಕಬ್ಬು. ಹಾಗಾದರೆ ಇದು?’
‘ಸೀ, ಮಿಸ್.’
‘ಇಟ್ಟುಕೊ ಅಂದೆನಲ್ಲೋ!’
‘ಬೆಳಿಗ್ಗೆ ತಿಂದ್ಕಂಡೇ ಬಂದೆ ಮಿಸ್. ಸೀನೇ.’
ಅಂಥ ನಾಲಿಗೆಗೆ ಏನು ಹೇಳಲಿ.
ಸೊನ್ನೆ ಹಾಕಿದೆ, ಪೆನ್ಸಿಲ್ಲಿನಲ್ಲಿ.

ಆಮೇಲೆ ಏನಾಯಿತೋ ಕಾಣೆ.
ದನಿ ಒಡೆಯಿತು, ಪ್ಯಾಂಟು ಗಿಡ್ಡವಾಯಿತು.
ಕಟ್ಟುನೀರಿನ ಸರದಿ ಹಾಗೆಯೇ ಅಲ್ಲವೇ,
ಊರು ಮಲಗಿದಾಗ ಬಂದು ಗದ್ದೆಯೊಳಗೆ ಕೂತಿರುತ್ತದೆ,
ಬೆಳಗಾಗೆದ್ದು ನೋಡಿದರೆ ನಾಲೆ ಒಣ.

ಜನವರಿ. ಕಡೆಯ ಬೆಲ್ ಹೊಡೆದಿತ್ತು,
ನಾನು ಬೋರ್ಡು ಒರೆಸುತ್ತಿದ್ದೆ.
‘ಮಿಸ್, ನಾನು ನಮ್ಮಕ್ಕ ಅಂತ ಇಟ್ಕಳಿ.
ನಮ್ಮಕ್ಕ ನಾನು ಅಂತ ಇಟ್ಕಳಿ.
ಮಿಕ್ಕಿದ್ದೆಲ್ಲ ಹಂಗೇ ಇರ್ಲಿ.
ಆಗ ಆಲೆಮನೇಲಿ ರಚ್ಚು ಒಣಗಾಕ್ತಿದ್ದೋರು ಯಾರು?
ಇಲ್ಲಿ ಕೂತಿರ್ತಿದ್ದೋರು ಯಾರು?’

ಡಸ್ಟರು ಕೈಯಲ್ಲೇ ಉಳಿಯಿತು.
ಇಂದುಕಲಾ. ಎರಡು ವರ್ಷದ ಹಿಂದೆ, ಇದೇ ಕಿಟಕಿ.
ಎಕ್ಸನ್ನು ಒಂದೇ ಸಲಕ್ಕೆ ಇಟ್ಟುಕೊಂಡವಳು,
ಎಲ್ಲಿ ಎಂದು ಕೇಳದವಳು.
ದಸರೆ ರಜೆಗೆ ಹೋದವಳು ಬರಲಿಲ್ಲ.
ಹಾಜರಿಯಲ್ಲಿ ಅವಳ ಹೆಸರಿಗೆ ಕೆಂಪು ಗೆರೆ ಎಳೆದದ್ದು
ನಾನೇ.

ಪುಸ್ತಕದ ಹಿಂದೆ ಇದಕ್ಕೆ ಉತ್ತರ ಕೊಟ್ಟಿಲ್ಲ.
‘ನಾಳೆ ಮಾತಾಡೋಣ’ ಅಂದೆ.
ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದೆಯೋ ಇಷ್ಟು ದಿನ
ಎಂದು ಕೇಳುವಷ್ಟರಲ್ಲಿ
ಬ್ಯಾಗು ಏರಿಸಿ ಅವನು ಗೇಟು ದಾಟಿದ್ದ,
ಒಂದು ಹೆಗಲು ತುಸು ವಾಲಿತ್ತು.