ಟಕ್ ಅಂದಿತಾ

ಸಿದ್ದಯ್ಯ ರಸ್ತೆಯ ಹಿಂದಿನ ಓಣಿಯಲ್ಲಿ
ತಗಡಿನ ಮಾಡಿನ ಕೆಳಗೆ
ನಲವತ್ತು ದಿನದಿಂದ ಬಾಯಿ ತೆರೆದುಕೊಂಡು ಕೂತಿತ್ತು
ನನ್ನ ಅಂಬಾಸಿಡರು, ಮಾರ್ಕ್ ಒನ್ನು.
ಹುಡುಗ ಮುನೀರನಿಗೆ ಇವತ್ತು ಗಣಿತದ ಸಪ್ಲಿಮೆಂಟರಿ.
ಹಾಗಾಗಿ ಕಾರಿನ ಒಡತಿಯೇ ಹೆಲ್ಪರು.
"ವೇಲು ತೆಗೆದಿಡಿ ಮೇಡಮ್ಮಾ, ಉಂಗುರಾನೂ,"
ಅಂದರು ಆರೋಗ್ಯಪ್ಪ.

ಸೀಮೆಎಣ್ಣೆಯಲ್ಲಿ ತೊಳೆದ ಬ್ಲಾಕಿನ ಮುಖದ ಮೇಲೆ
ಹಳೆ ಗ್ಯಾಸ್ಕೆಟ್ಟಿನ ಕರಿ ಗುರುತು ಇನ್ನೂ ಇತ್ತು,
ದೋಸೆ ಕಾವಲಿಗೆ ಹಿಡಿದ ಸೀಕಲಿನ ಹಾಗೆ.
ಬ್ಲೇಡು ಹಿಡಿದು ಹೆರೆದೆ.
ಬೆರಳಾಡಿಸಿ ನೋಡಿದರು. "ಇಲ್ಲೊಂದು ಎಳ್ಳಿನಷ್ಟು."
ಮತ್ತೆ ಹೆರೆದೆ.
ತಾಮ್ರದ ಹೊಸ ಗ್ಯಾಸ್ಕೆಟ್ಟು ಎತ್ತಿ ಹಿಡಿದಾಗ
ಮಧ್ಯಾಹ್ನದ ಬಿಸಿಲು ಅದರ ನಾಲ್ಕು ತೂತಿನಲ್ಲಿ ತೂರಿ
ಅವರ ಖಾಕಿ ಅಂಗಿಯ ಮೇಲೆ ನಾಲ್ಕು ಬಿಲ್ಲೆ ಇಟ್ಟಿತು.
ಮೇಲ್ಮುಖ ಯಾವುದೆಂದು ಅಂಚಿನಲ್ಲಿ ಅಚ್ಚಾಗಿತ್ತು, ಓದಿ ಹೇಳಿದೆ.
"ಮುನೀರ ಒಂದ್ಸಲ ತಿರುಗಾಮುರುಗಾ ಹಾಕಿದ್ದ,
ನೀರೆಲ್ಲ ಆಯಿಲ್ಗೆ ಬಂದು ಮಜ್ಜಿಗೆ ಆಗೋಯ್ತು."

ಹೆಡ್ಡು ಇಬ್ಬರ ಭಾರ.
ಸ್ಟಡ್ಡುಗಳ ನೆತ್ತಿಗೆ ಸರಿಯಾಗಿ
ಉಸಿರು ಬಿಗಿಹಿಡಿದು ಇಳಿಸಿದೆವು.
ಕೊನೆಯ ಅರ್ಧ ಇಂಚು ತಾನೇ ಇಳಿಯಿತು,
ಕೆರೆಗಿಳಿದ ಎಮ್ಮೆ ಕೂರುವಂತೆ.

ಎಂಟು ಪುಶ್‌ರಾಡು. ರಟ್ಟಿಗೆ ತೂತು ಹೊಡೆದು
ಬಿಚ್ಚಿದ ಸಾಲಿನಲ್ಲೇ ಸಿಕ್ಕಿಸಿಟ್ಟಿದ್ದ ಮುನೀರ,
ಕಾಗೆಕಾಲು ಗುಬ್ಬಿಕಾಲು ಅಂಕೆಗಳಲ್ಲಿ, ಒಂದರಿಂದ ಎಂಟು.
ರಾಕರ್ ಶಾಫ್ಟು ಕೂತಿತು. ಹನ್ನೊಂದು ನಟ್ಟು
ಬೆರಳಲ್ಲಿ ತಿರುಗುವಷ್ಟು ತಿರುಗಿದವು.

ಆಮೇಲೆ ಟಾರ್ಕ್ ಪಾನ.
"ನಡುವಿಂದ ಶುರು. ಆಚೆಗೊಂದು, ಈಚೆಗೊಂದು,
ರಂಗೋಲಿ ಚುಕ್ಕಿ ಇಟ್ಟಂಗೆ.
ಒಂದೇ ಸಲಕ್ಕೆ ಬಿಗೀಬಾರ್ದು. ಮೂರು ಸುತ್ತು."
ಮೊದಲ ನಟ್ಟಿಗೇ ಪಾನ ಎಳೆದು ನಿಂತರು,
ನನ್ನ ಮುಖ ನೋಡಿದರು.
"ಟಕ್ ಅಂದಿತಾ?"

ಅಂದಿತ್ತು. ಓಣಿಯ ಆ ತುದಿಗೆ ಕೇಳುವಷ್ಟು.
ಆರು ವರ್ಷದ ಗಿರಾಕಿ ನಾನು, ಆಗ ತಿಳಿಯಿತು
ಮಾತಾಡುವಾಗ ನನ್ನ ತುಟಿಯನ್ನೇ ನೋಡುತ್ತಿದ್ದುದು ಯಾಕೆ,
ಫೋನು ಯಾವಾಗಲೂ ಮುನೀರನೇ ಎತ್ತುತ್ತಿದ್ದುದು ಯಾಕೆ.
ಸೈಲೆನ್ಸರಿಲ್ಲದ ಎಂಜಿನ್ನುಗಳ ಪಕ್ಕ
ನಲವತ್ತೆರಡು ವರ್ಷ.
"ಅಂದಿತು" ಅಂದೆ.

ಮೂವತ್ತಮೂರು ಸಲ ಅಂದೆ.
ನಡುವೆ ಒಮ್ಮೆ ಮಾರ್ಕೆಟ್ಟಿನ ಬಸ್ಸು ಹಾರನ್ ಬಜಾಯಿಸಿ
ನನಗೂ ಕೇಳಿಸಲಿಲ್ಲ. ತಲೆಯಾಡಿಸಿದೆ.
ಸಡಿಲಿಸಿ ಮತ್ತೆ ಎಳೆದರು.

ಮ್ಯಾನಿಫೋಲ್ಡು ಎರಡು, ಒಂದೇ ಪಕ್ಕಕ್ಕೆ.
ಗಾಳಿಯನ್ನೂ ಪೆಟ್ರೋಲಿನ ತುಂತುರನ್ನೂ ಒಳಗೊಯ್ಯುವ ಅಲ್ಯೂಮಿನಿಯಮ್ಮು,
ಸುಟ್ಟದ್ದನ್ನು ಆಚೆ ದಬ್ಬುವ ಬೀಡುಕಬ್ಬಿಣ.
ಎರಡರ ಅಂಚನ್ನೂ ಒಂದೇ ದಪ್ಪ ವಾಷರು ಒತ್ತಿ ಹಿಡಿಯಬೇಕು.
ಒಂದು ಕೂದಲೆಳೆಯಷ್ಟು ಎತ್ತರವಿದ್ದರೂ
ವಾಷರಿನ ಭಾರವೆಲ್ಲ ಅದರ ಮೇಲೆ, ಇನ್ನೊಂದು ಸೋರುತ್ತದೆ.
"ತಗ್ಗಿರೋದನ್ನ ಏರ್ಸಕ್ಕಾಗಲ್ಲ,"
ಅರ ಹಿಡಿದು ಬೀಡನ್ನು ಉಜ್ಜುತ್ತ ಅಂದರು,
ಪುಡಿ ಉಫ್ ಎಂದು ಊದಿ, ಸ್ಕೇಲಿಟ್ಟು, ಮತ್ತೆ ಉಜ್ಜುತ್ತ.
ಸಂಜೆಯ ಟೀ ಆರಿ ಕೆನೆಗಟ್ಟಿತು.

ಎಲ್ಲ ಬಿಗಿದ ಮೇಲೆ ಟ್ರೇಯಲ್ಲಿ
ದುಂಡಗಿನದೊಂದು ಮಿಕ್ಕಿತು.
ಇಬ್ಬರಿಗೂ ಎದೆ ಧಸಕ್ಕೆಂದಿತು.
ಯಾವ ನಟ್ಟಿನದು? ಎಲ್ಲಿಂದ ಬಿಚ್ಚೋದು?
ಗ್ರೀಸು ಒರೆಸಿ ನೋಡಿದೆ.
ನನ್ನ ಉಂಗುರ.

ಮೂರನೇ ಸೆಲ್ಫಿಗೆ ಕೆಮ್ಮಿ ಹೊತ್ತಿಕೊಂಡಿತು.
ಬಿಳಿ ಹೊಗೆ, ಎಣ್ಣೆ ಕಾದ ವಾಸನೆ,
ಓಣಿಯ ನಾಯಿ ಎದ್ದು ಹೋಯಿತು.
ಆರೋಗ್ಯಪ್ಪ ಉದ್ದನೆ ಸ್ಕ್ರೂಡ್ರೈವರಿನ ತುದಿ ಹೆಡ್ಡಿಗೂರಿ
ಮರದ ಹಿಡಿಯನ್ನು ದವಡೆಗೆ ಒತ್ತಿಕೊಂಡು
ಕಣ್ಣು ಮುಚ್ಚಿದರು. ಬಹಳ ಹೊತ್ತು.
ಕಿವಿ ಬಿಟ್ಟುಕೊಟ್ಟದ್ದೆಲ್ಲ ಮೂಳೆಯಲ್ಲಿ ಏರಿ ಬರುತ್ತಿತ್ತು.

"ಮೂರನೇದ್ರ ಟ್ಯಾಪೆಟ್ಟು ಗೊಣಗ್ತಿದೆ. ಕೇಳಿಸ್ತಾ?"

ನನಗೇನೂ ಕೇಳಿಸಲಿಲ್ಲ.
ಬೆಚ್ಚಗಿದ್ದ ಹಿಡಿಯನ್ನು
ನನ್ನ ಕಡೆ ತಿರುಗಿಸಿ ಕೊಟ್ಟರು.